ಪಡಸಾಲೆಯ ನೀಲಿ

ಒಂದು ಕೋಣೆಗೆ ಬಣ್ಣ ಹೊಡೆಸಿದ ಕತೆ ಓದಲು ಯಾರಿಗೆ ಪುರುಸೊತ್ತಿದೆ ಎಂಬ ಅಳುಕಿನಲ್ಲೇ ಬರೆಯುತ್ತಿದ್ದೇನೆ. ಬಣ್ಣ ಬಲ್ಲವರೂ ಕತೆ ಬಲ್ಲವರೂ ಕ್ಷಮಿಸಬೇಕು. ತಪ್ಪು ನನ್ನದಾದ್ದರಿಂದ ನಾನೇ ಹೇಳುವುದು ಸರಿ ಅನಿಸಿತು.

ತರೀಕೆರೆಯಲ್ಲಿ ನಾವು ಕಟ್ಟಿಸಿದ ಮನೆಗೆ ಹೋದ ವರ್ಷ ಬಣ್ಣದ ಕೆಲಸ ಹಿಡಿಸಿದೆವು. ಹಾಲ್, ಅಡುಗೆಮನೆ, ನಮ್ಮ ಕೋಣೆ ಎಲ್ಲಕ್ಕೂ ನನ್ನ ಹೆಂಡತಿ ಸುಮನಾ ಶೇಡ್ ಕಾರ್ಡ್ ನೋಡಿ ಒಂದೇ ಸಂಜೆಯಲ್ಲಿ ಬಣ್ಣ ಆರಿಸಿದಳು. ಉಳಿದದ್ದು ಅಮ್ಮನ ಕೋಣೆ. ಅಮ್ಮ ನನ್ನಿಂದ ಎಂದೂ ಏನನ್ನೂ ಕೇಳಿದವಳಲ್ಲ. ಅಂದು ಮಾತ್ರ ಶೇಡ್ ಕಾರ್ಡನ್ನು ಮಡಚಿ ಪಕ್ಕಕ್ಕಿಟ್ಟು, “ನಂಗೆ ಅಜ್ಜಂಪುರದ ಮನೆ ಪಡಸಾಲೆ ನೀಲಿ ಹೊಡ್ಸಪ್ಪ, ಸಾಕು” ಅಂದಳು. ಅವಳು ಕೇಳಿದ ಆ ಒಂದನ್ನು ತಪ್ಪಿಲ್ಲದೆ ಮಾಡಿಕೊಡಬೇಕು ಅಂತ ನನಗೆ ಆಗಿನಿಂದಲೇ ಹೆದರಿಕೆ ಹಿಡಿಯಿತು.

ಆ ನೀಲಿ ಅಂಗಡಿಯದಲ್ಲ. ಪ್ರತಿ ದೀಪಾವಳಿಗೆ ಮುಂಚೆ ಅಮ್ಮ ಸುಣ್ಣ ಅರಳಿಸಿ, ಬಟ್ಟೆಗೆ ಹಾಕುವ ನೀಲಿಯನ್ನು ಅರಿವೆಯಲ್ಲಿ ಕಟ್ಟಿ ಅದರಲ್ಲಿ ಅದ್ದಿ ಅದ್ದಿ ಕದಡುತ್ತಿದ್ದಳು. ಸೀರೆ ಎತ್ತಿ ಕಟ್ಟಿ, ನಾರಿನ ಕುಂಚ ಹಿಡಿದು ತಾನೇ ಬಳಿಯುತ್ತಿದ್ದಳು. ಹಸಿ ಸುಣ್ಣದ ತಣ್ಣನೆಯ ವಾಸನೆಯಲ್ಲಿ ನಾವು ಮಲಗುತ್ತಿದ್ದೆವು. ಗೋಡೆಗೆ ಒರಗಿದರೆ ಬೆನ್ನೆಲ್ಲ ನೀಲಿ, ಅದಕ್ಕೆ ಬೈಗುಳ.

ಆ ಮನೆ ಈಗಿಲ್ಲ. ಚಿಕ್ಕಪ್ಪನ ಪಾಲಿಗೆ ಹೋಗಿ, ಅವರು ಹೊಸದು ಕಟ್ಟಲೆಂದು ಎರಡು ವರ್ಷದ ಹಿಂದೆ ಕೆಡವಿಸಿದರು. ನಾನು ಹೋಗುವ ಹೊತ್ತಿಗೆ ಪಡಸಾಲೆ ಗೋಡೆ ಸೊಂಟದೆತ್ತರಕ್ಕೆ ಇಳಿದಿತ್ತು. ನಿಂತಿದ್ದರಲ್ಲೇ ಅಂಗೈಯಗಲದ ಒಂದು ಗಾರೆ ಚೂರು ಕಿತ್ತು ತಂದು ಬೀರುವಿನಲ್ಲಿ ಇಟ್ಟಿದ್ದೆ. ಅದನ್ನೇ ಪೇಪರಿನಲ್ಲಿ ಸುತ್ತಿಕೊಂಡು ಓಂಕಾರೇಶನ ಬಣ್ಣದ ಅಂಗಡಿಗೆ ಹೋದೆ.

“ಇವತ್ತು ಗೋಡೆ ಚೂರು ತಂದಿದೀರ, ನಾಳೆ ಬಾಗ್ಲೂ ಹೊತ್ಕೊಂಡ್ ಬತ್ತೀರೇನ್ ಸಾರ್?” ಎಂದು ನಕ್ಕ. ಚೂರಿನ ಮೇಲೆ ಬಣ್ಣ ಅಳೆಯುವ ಯಂತ್ರದ ಕಣ್ಣು ಇಟ್ಟ. ಡಬ್ಬಿಯಲ್ಲಿ ಬಂದ ನೀಲಿ ಹಸಿರಿಗೆ ತಿರುಗಿತ್ತು, ಸ್ವಲ್ಪ ಮಂಕು.

“ಇಷ್ಟು ಕಪ್ಪಿರಲಿಲ್ವೇನೋ,” ಅಂದೆ.

“ಮಿಷನ್ನು ಸುಳ್ಳು ಹೇಳಲ್ಲ ಕಣ್ರೀ. ನೀವು ಆ ಗೋಡೆಗೆ ಸುಣ್ಣ ಹೊಡ್ದಿದ್ದು ನೋಡಿ ಎಷ್ಟು ವರ್ಷ ಆಯ್ತು?”

ನನ್ನ ನೆನಪನ್ನು ನಾನು ನಂಬಿದವನಲ್ಲ.

“ಮ್ಯಾಟ್ ಕೊಡ್ಲಾ, ಸ್ಯಾಟಿನ್ ಕೊಡ್ಲಾ? ಮ್ಯಾಟು ಅಂದ್ರೆ ಹೊಳಪೇ ಇರಲ್ಲ, ಸುಣ್ಣದ ಥರ. ಸ್ಯಾಟಿನ್ನು ಸಣ್ಣಗೆ ಮಿಂಚುತ್ತೆ.”

ಸುಣ್ಣಕ್ಕೆ ಹೊಳಪಿರುವುದಿಲ್ಲ ಎಂದು ನನಗೂ ಗೊತ್ತು. ಆದರೂ ಚೂರನ್ನು ಬಾಗಿಲ ಬೆಳಕಿಗೆ ಹಿಡಿದೆ. ಹೌದು, ಮಿಂಚುತ್ತಿತ್ತು. ಕೈಯಲ್ಲಿರುವ ಸಾಕ್ಷಿ ಬಿಟ್ಟು ಮನಸ್ಸಿನ ಮಾತು ಕೇಳುವುದು ಹೇಗೆ? ಸ್ಯಾಟಿನ್ ತಂದೆ.

ಪೇಂಟರ್ ಧರ್ಮೇಶ್ ಎರಡು ದಿನದಲ್ಲಿ ಮೊದಲ ಕೋಟ್ ಮುಗಿಸಿದ. ಅಮ್ಮನನ್ನು ಕರೆತಂದೆ. ಅವಳು ಕೋಣೆಯ ನಡುವೆ ನಿಂತು ನಾಲ್ಕೂ ಗೋಡೆ ನೋಡಿದಳು.

“ಇದಲ್ಲ ಕಣೋ ರುದ್ರ.”

ಗಾರೆ ಚೂರನ್ನು ತೋರಿಸಿದೆ. ಅವಳು ಅದನ್ನು ತಿರುವಿ ನೋಡಿ, ಹೆಬ್ಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ಹಿಡಿದಳು.

“ಇದನ್ನ ಎಲ್ಲಿಂದ ಕಿತ್ತೆ?”

“ಬಾಗಿಲ ಬಲಗಡೆ. ಅಷ್ಟೇ ನಿಂತಿತ್ತು.”

“ಅಯ್ಯೋ, ನಿಮ್ಮಪ್ಪ ತಲೆ ಒರಗಿಸ್ತಿದ್ದ ಜಾಗ!”

ಅಪ್ಪ ಈರುಳ್ಳಿ ವ್ಯಾಪಾರ ಮುಗಿಸಿ ಬಂದು ಅಲ್ಲೇ ಚಾಪೆ ಹಾಕಿ ಒರಗುತ್ತಿದ್ದರು. ತಲೆಗೆ ಹರಳೆಣ್ಣೆ ತಪ್ಪಿಸಿದವರಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷ. ಎಣ್ಣೆ ಕುಡಿದ ಗೋಡೆಯ ಮೇಲೆ ಸುಣ್ಣ ನಿಲ್ಲುವುದಿಲ್ಲ. ಬಳಿದ ವಾರಕ್ಕೇ ಹಪ್ಪಳದಂತೆ ಏಳುತ್ತಿತ್ತಂತೆ. ಕೊನೆಕೊನೆಗೆ ಅಮ್ಮ ಆ ಜಾಗವನ್ನು ಬಿಟ್ಟು ಸುತ್ತ ಬಳಿಯುತ್ತಿದ್ದಳಂತೆ. ಇಷ್ಟು ವರ್ಷ ಆ ಮನೆಯಲ್ಲಿ ಬೆಳೆದು ನಾನು ಇದನ್ನು ಗಮನಿಸಿರಲಿಲ್ಲ.

“ಒಂದು ಟವಲ್ ಹಾಕ್ಕೊಂಡು ಒರಗ್ರೀ ಅಂತ ಮೂವತ್ತು ವರ್ಷ ಬಡ್ಕೊಂಡೆ,” ಅಮ್ಮ ಸುಮನಾಳ ಕಡೆ ತಿರುಗಿದಳು. “ನಿಮ್ ಮಾವ ಕೇಳಿದ್ರಾ? ಈಗ ನಿನ್ ಗಂಡ ಅದೇ ಕಲೆನ ನಾಲ್ಕು ಗೋಡೆಗೂ ಹಚ್ಚವ್ನೆ ನೋಡೇ!”

ಸುಮನಾ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. ಅಮ್ಮನೂ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು; ನಕ್ಕದ್ದಕ್ಕೇ ನೀರು ಬಂದದ್ದು ಎಂದುಕೊಂಡೆ.

“ಬೇರೆ ಹೊಡೆಸ್ತೀನಮ್ಮ. ತಿಳಿ ನೀಲಿ, ಮ್ಯಾಟ್. ನೀನೇ ಅಂಗಡಿಗೆ ಬಾ, ಮುಂದೆ ನಿಂತು ಮಾಡಿಸೋಣ,” ಅಂದೆ.

ಅವಳು ಬಾಗಿಲ ಬಲಗಡೆಯ ಗೋಡೆಯ ಹತ್ತಿರ ಹೋಗಿ, ಕೂತವರ ತಲೆ ಬರುವಷ್ಟು ಎತ್ತರದಲ್ಲಿ ಅಂಗೈ ಇಟ್ಟಳು. ಬಣ್ಣ ಒಣಗಿತ್ತು.

ಧರ್ಮೇಶ್ ಬಾಗಿಲಲ್ಲಿ ರೋಲರ್ ಹಿಡಿದು ಕಾಯುತ್ತಿದ್ದ. “ಏನ್ ಮಾಡ್ಲಿ ಅಜ್ಜಿ? ಎರಡನೇ ಕೋಟ್ ಹೊಡೀಲಾ, ನಿಲ್ಲಿಸ್ಲಾ?”

“ಹೊಡಿಯಪ್ಪ,” ಅಂದಳು ಅಮ್ಮ. “ತೆಳುವಾಗಿ ಹೊಡೀಬೇಡ.”

ಈಗ ಆ ಕೋಣೆಯಲ್ಲೇ ಮಲಗುತ್ತಾಳೆ. ಬಂದವರಿಗೆಲ್ಲ ನನ್ನ ಪೆದ್ದುತನ ಹೇಳಿ ನಗಿಸುತ್ತಾಳೆ. ಆದರೆ ಅಂದು ಅವಳು ಆ ಬಣ್ಣ ಬೇಕೆಂದೇ ಉಳಿಸಿಕೊಂಡಳೋ, ನನ್ನ ಮುಖ ನೋಡಿ ತಾನು ಕೇಳಿದ ನೀಲಿಯನ್ನು ಬಿಟ್ಟುಕೊಟ್ಟಳೋ, ನನಗೆ ಗೊತ್ತಿಲ್ಲ. ಎರಡು ಸಲ ಕೇಳಲು ಹೋಗಿ ಬೇರೇನೋ ಮಾತಾಡಿ ಬಂದಿದ್ದೇನೆ.