ಹಾಡು ಹಚ್ಚುವ ಮಾಯಕ್ಕ

ತಂಗಿ ನೀಲಾಳ ಮದುವೆ ಧಾರವಾಡದಲ್ಲಿ, ವರನ ಮನೆತನದ ಮಠದಲ್ಲಿ ಎಂದು ಗೊತ್ತಾದ ದಿನವೇ ಕಾಂತಾ ಹಟ ಹಿಡಿದಳು: ಮರುದಿನದ ರಿಸೆಪ್ಷನ್ ತಮ್ಮೂರು ಖಾನಾಪುರದಲ್ಲೇ ಆಗಬೇಕು. ಅಪ್ಪ ತೀರಿಕೊಂಡಾಗ ಮನೆಬಾಗಿಲಿಗೆ ಬಂದು ನಿಂತವರೆಲ್ಲ ಇಲ್ಲಿಯವರು. ಅವರ ಅಕ್ಷತೆ ಬೀಳದೆ ನೀಲಾಳ ಮದುವೆ ಮುಗಿಯುವುದುಂಟೇ?

ಕಾಂತಾ ಬೆಳಗಾವಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಅವಳ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಆದರೂ ಹಾಡಿನ ವಿಷಯ ಬಂದಾಗ ಕಲ್ಲಯ್ಯ ಕಾಕಾ ತಮ್ಮದೇ ನಡೆಯಬೇಕೆಂದರು. "ಬೆಳಗಾವಿ ಸ್ಪೀಕರ್ ಸೆಟ್ ತರಸೂಣು. ಊರ ತುಂಬ ಕೇಳಬೇಕು."

ಆ ಸೆಟ್ಟನ್ನು ಕೇಳಲೆಂದೇ ಕಾಂತಾ ಬೆಳಗಾವಿಯ ನೆಹರು ನಗರದ ಒಂದು ಮದುವೆಗೆ ಹೋದಳು. ಊಟದ ಪಂಕ್ತಿಯಲ್ಲಿ ಜನ ಬಡಿಸುವವನಿಗೆ ಕೈಸನ್ನೆ ಮಾಡಿ ಅನ್ನ ಕೇಳುತ್ತಿದ್ದರು, ಅಷ್ಟು ಗದ್ದಲ. ರಿಕಾರ್ಡ್ ಹಚ್ಚಿದವನು ಚಹಾಕ್ಕೆ ಹೋಗಿದ್ದ. ಮುಳ್ಳು ಒಂದೇ ಸಾಲಿಗೆ ಸಿಕ್ಕಿಕೊಂಡು ಒದರುತ್ತಿದ್ದರೂ ಕೇಳುವವರಿಲ್ಲ. ವಧುವಿನ ಅಜ್ಜಿ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದರು.

ಮರುದಿನ ಸಂಜೆ ಕಾಂತಾ ಖಾನಾಪುರದ ಮಾಯಕ್ಕನ ಮನೆಗೆ ಹೋದಳು. ಊರಿನ ಮದುವೆಗಳಿಗೆ ಹಾಡು ಹಚ್ಚುವವರು ಆ ಗಂಡಹೆಂಡತಿ: ಗಂಡ ನಾಗಲಿಂಗ ಗಿಡ ಹತ್ತಿ ಹಾರ್ನ್ ಕಟ್ಟುತ್ತಿದ್ದ, ರಿಕಾರ್ಡಿನ ಮಷಿನ್ ಮಾಯಕ್ಕನ ಕೈಯಲ್ಲಿ.

"ಯಾವ ಹಾಡು ಹಚ್ಚಬೇಕು ಅನ್ನೂದು ಆಮ್ಯಾಲ ಹೇಳ್ರಿ ಅಕ್ಕಾರ," ಎಂದಳು ಮಾಯಕ್ಕ. "ಯಾವುದು ಹಚ್ಚಬಾರದು, ಅದನ್ನ ಮೊದ್ಲ ಹೇಳ್ರಿ."

ಇಷ್ಟು ದಿನದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಕಾಂತಾ ಹೇಳಿದಳು: "ಮಗಳನ್ನ ಕಳಸೂ ಹಾಡು ಬ್ಯಾಡ. ಅಪ್ಪ ಇಲ್ಲದ ಮದವಿ. ನಮ್ಮವ್ವ ತಡಕೊಳ್ಳೂದಿಲ್ಲ."

"ಆತು. ವಯಸ್ಸಾದವ್ರನ್ನ ಹಾರ್ನ್ ಬಾಜೂಕ ಕುಂದರಸಬ್ಯಾಡ್ರಿ. ಉಳಿದದ್ದು ನನಗ ಬಿಡ್ರಿ."

ಮನೆಯಲ್ಲಿ ಈ ಸುದ್ದಿ ಕೇಳಿ ಕಾಕಾನ ಮುಖ ಕೆಂಪಾಯಿತು. "ಹೆಣ್ಮಗಳು ಮಷಿನ್ ಮುಂದ ಕುಂತ್ರ ಬೀಗರು ಏನಂದಾರು?"

"ನಾನೂ ದಿನಾ ಮಷಿನ್ ಮುಂದನ ಕುಂದರತೀನಲ್ಲ, ಕಾಕಾ," ಎಂದಳು ಕಾಂತಾ. ಕಾಕಾ ಹೆಗಲ ಮೇಲಿನ ಟವೆಲು ಕೊಡವಿ ಹೊರಗೆ ನಡೆದರು.

ಮದುವೆ ಚೆಂದಾಗಿ ಆಯಿತು. ಅವ್ವ ಬಸವಣ್ಣೆವ್ವನನ್ನು ಮದುಮಕ್ಕಳ ಜೊತೆ ಬಿಟ್ಟು ಕಾಂತಾ ಮರುದಿನ ಮೊದಲ ಬಸ್ಸಿಗೇ ಊರಿಗೆ ಬಂದಳು. ಉಳಿದವರು ರೈಲಿನಲ್ಲಿ ಹೊರಟು ಲೋಂಡಾದಲ್ಲಿ ಗಾಡಿ ಬದಲಿಸಿ ಮಧ್ಯಾಹ್ನವೇ ಬರಬೇಕಿತ್ತು. ಸಂಜೆಯಾಯಿತು, ಪೆಂಡಾಲು ತುಂಬಿತು, ಅವರ ಸುಳಿವಿಲ್ಲ. ಕೊನೆಗೆ ಸ್ಟೇಷನ್ನಿನ ಹಮಾಲ ಭರಮಪ್ಪ ಏದುಸಿರು ಬಿಡುತ್ತ ಬಂದ.

"ಲೋಂಡಾದಾಚೆ ಗೂಡ್ಸ್ ಗಾಡಿ ಹಳಿ ಬಿಟ್ಟೈತ್ರಿ. ನಿಮ್ಮ ಮಂದಿ ಗಾಡಿ ಹಿಂದಿನ ಸ್ಟೇಷನ್ದಾಗ ನಿಂತೈತಿ. ಎಲ್ಲಾರೂ ಆರಾಮ ಅದಾರ ಅಂತ ಫೋನ್ ಬಂದೈತಿ."

ಅಷ್ಟರಲ್ಲಿ ಪೆಂಡಾಲಿನಲ್ಲಿ ಗುಸುಗುಸು ಎದ್ದಿತ್ತು. ಅಪಘಾತವಂತೆ ಎಂದು ಒಬ್ಬರು, ಬೀಗರು ಮುನಿಸಿಕೊಂಡರಂತೆ ಎಂದು ಇನ್ನೊಬ್ಬರು. ಕೆಲವರು ಚಪ್ಪಲಿ ಹುಡುಕತೊಡಗಿದರು. ಮಾಯಕ್ಕ ರಿಕಾರ್ಡ್ ನಿಲ್ಲಿಸಿ, ಭರಮಪ್ಪ ಹೇಳಿದ್ದನ್ನೇ ಇದ್ದದ್ದು ಇದ್ದಂತೆ ಮೈಕಿನಲ್ಲಿ ಹೇಳಿದಳು, ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. "ಸಣ್ಣ ಹುಡುಗ್ರು, ಹಿರ್ಯಾರು ಮೊದ್ಲ ಊಟಕ್ಕ ಏಳ್ರಿ. ಉಳಿದವ್ರು ಮದುಮಕ್ಕಳ ದಾರಿ ನೋಡೂಣು. ನಾ ಅಂತೂ ಇಲ್ಲೇ ಇರ್ತೀನಿ."

ಗುಸುಗುಸು ನಿಂತಿತು. ಆಮೇಲೆ ಅವಳು ಮಷಿನ್ ಬಂದ್ ಮಾಡಿ ಮೈಕನ್ನು ಹೆಂಗಸರ ಕಡೆ ಒಯ್ದಳು. ಪಕ್ಕದ ಮನೆಯ ಸಾತವ್ವ ಅಜ್ಜಿ ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು, ಆಮೇಲೆ ಸೋಬಾನೆ ಎತ್ತಿದರು. ಮುಪ್ಪಿನ ದನಿ ಹಾರ್ನಿನಿಂದ ಹೊರಟು ಬೀದಿಯಲ್ಲೆಲ್ಲ ಹರಡಿತು. ಹತ್ತು ಹೆಂಗಸರು ದನಿಗೂಡಿಸಿದರು. ಮರಾಠಿ ಓಣಿಯವರು ತಾವೂ ಎರಡು ಹಾಡು ಹೇಳಿದರು. ಹೋಗಲೆಂದು ಎದ್ದವರು ಮತ್ತೆ ಕೂತರು.

"ಇನ್ನ ಮದುಮಗಳ ಅಕ್ಕ ಮಾತಾಡ್ತಾರ," ಎಂದು ಮಾಯಕ್ಕ ಮೈಕನ್ನು ಕಾಂತಾಳ ಕೈಗೇ ಕೊಟ್ಟಳು.

ದಿನವಿಡೀ ಕಾಣದವರ ಜೊತೆ ಮಾತಾಡುವ ಕಾಂತಾಳಿಗೆ ಕಂಡವರೆದುರು ನಾಲಿಗೆ ಏಳಲಿಲ್ಲ. "ಹೆದರಬ್ಯಾಡ್ರಿ. ಎಲ್ಲಾರೂ ನಿಮ್ಮವರ," ಎಂದು ಮಾಯಕ್ಕ ಮೆಲ್ಲಗೆ ಹೇಳಿದಳು. ಕಾಂತಾ ಶುರುಮಾಡಿದಳು. ಚಿಕ್ಕವಳಿದ್ದಾಗ ನೀಲಾ ಸಾಲಿ ತಪ್ಪಿಸಿ ಅಪ್ಪನ ಅಂಗಡಿಯ ಬೆಲ್ಲದ ಡಬ್ಬದ ಹಿಂದೆ ಅಡಗಿ ಕೂತದ್ದು, ಇರುವೆ ಕಚ್ಚಿ ತಾನೇ ಕೂಗಿಕೊಂಡು ಹೊರಬಂದದ್ದು, ಹೊಡೆಯಲು ಎದ್ದ ಅಪ್ಪ ನಗು ತಡೆಯಲಾಗದೆ ಕೂತದ್ದು. ಪೆಂಡಾಲು ನಕ್ಕಿತು. ಅಪ್ಪನ ಮಾತು ಬಂದರೆ ಅಳು ಬರುತ್ತದೆಂದು ವರ್ಷವಿಡೀ ಬಾಯಿ ಕಟ್ಟಿಕೊಂಡಿದ್ದವಳು ತಾನೂ ನಕ್ಕಳು.

ಇನ್ನೂ ಮಾತಾಡುತ್ತಿರುವಾಗಲೇ ಬೀದಿಯ ತಿರುವಿನಲ್ಲಿ ಲಾರಿಯೊಂದು ನಿಂತಿತು. ಗಾಡಿಯನ್ನು ನೆಚ್ಚಿಕೊಳ್ಳದೆ ಬೀಗರು ಕಟ್ಟಿಗೆಯ ಲಾರಿ ಹಿಡಿದು ಬಂದಿದ್ದರು. ಮುಂದಿನ ಸೀಟಿನಿಂದ ನೀಲಾ ಇಳಿದಳು, ಹಿಂದಿನಿಂದ ಅವಳ ಗಂಡ, ಮೈತುಂಬ ಧೂಳು. ಅವ್ವ ನೇರ ಕಾಂತಾಳ ಬಳಿ ಬಂದು ಅವಳ ಕೆನ್ನೆ ಸವರಿದಳು.

"ಹೊಳಿ ದಾಟೂದರಾಗನ ನಿನ್ನ ದನಿ ಕೇಳ್ತವ್ವಾ. ನಿಮ್ಮಪ್ಪನ ಮಾತ ಹೇಳಾಕತ್ತಿದ್ದಿ. ಅವರೂ ಬಂದಾರೇನೋ ಅನ್ನಿಸ್ತು."

ಅವ್ವ ಅತ್ತಳು, ಆದರೆ ಕಾಂತಾ ಹೆದರಿದ್ದ ಅಳು ಅದಲ್ಲ. ಮಾಯಕ್ಕ ಮಷಿನ್ ಹಚ್ಚಿದಳು. ಅಕ್ಷತೆ ಬಿದ್ದಿತು.

ಕೊನೆಯ ಪಂಕ್ತಿಗೆ ಕಾಂತಾ ಮಾಯಕ್ಕನನ್ನೂ ನಾಗಲಿಂಗನನ್ನೂ ಕೂರಿಸಿ ತಾನೇ ಹೋಳಿಗೆಯ ಮೇಲೆ ತುಪ್ಪ ಸುರಿದಳು.

"ಸಾಕ್ರಿ, ತುಪ್ಪ ಎಲಿ ಬಿಟ್ಟು ಹೊಂಟೈತಿ!" ಎಂದು ಮಾಯಕ್ಕ ಕೈ ಅಡ್ಡ ಹಿಡಿದಳು.

"ಇರಲಿ, ಉಣ್ಣು ಮಾಯಕ್ಕ," ಎಂದು ಕಾಂತಾ ಇನ್ನೊಂದು ಹೋಳಿಗೆ ಹಾಕಿ, ಅವಳ ಪಕ್ಕದಲ್ಲೇ ತನ್ನ ಎಲೆ ಹಾಸಿಕೊಂಡು ಕೂತಳು.