ಅಮ್ಮನ ಪಟದ ಕಡೆ ತಿರುಗಿ

ಸ್ವಲ್ಪ ನಿಂತು ಇದನ್ನು ಪೂರ್ತಿ ಕೇಳಿ. ಅರ್ಧ ಕೇಳಿ ಎದ್ದುಹೋದವರೆಲ್ಲ ನಮ್ಮ ತಂದೆಯನ್ನೇ ಬೈದರು. ಅದು ಸರಿಯಲ್ಲ.

ನಮ್ಮ ತಂದೆ ಮಲ್ಲಿಕಾರ್ಜುನಯ್ಯನವರದು ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ, ಮನೆ ಚಾಮರಾಜಪೇಟೆಯಲ್ಲಿ. ನಮ್ಮ ಮನೆಯಲ್ಲಿ ಮಗ ತಂದೆಯ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಏನು ಬೇಕಿದ್ದರೂ ಅಮ್ಮನಿಗೆ ಹೇಳಬೇಕು. ಅಮ್ಮ ಪಡಸಾಲೆಯ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಅವರು ಒಮ್ಮೆ ಗಂಟಲು ಸರಿಮಾಡಿಕೊಂಡರೆ, ಹೇಳು ಎಂದು ಅರ್ಥ. ಹೊಸ ಚಪ್ಪಲಿ ಬೇಕೆಂಬುದು, ಇಂಟರ್ ಫೇಲಾದ ಸುದ್ದಿ, ಎಲ್ಲ ಅಮ್ಮನ ಬಾಯಿಂದಲೇ ಹೋದವು.

ನಲವತ್ತೊಂಬತ್ತನೇ ಇಸವಿಯಲ್ಲಿ ಅಮ್ಮ ತೀರಿಕೊಂಡಳು. ಹದಿನೈದು ದಿನ ಮನೆಯಲ್ಲಿ ಮಾತೇ ಇಲ್ಲ. ಒಂದು ದಿನ ಊಟಕ್ಕೆ ಕೂತಾಗ ತಂದೆ ಗೋಡೆಯ ಮೇಲಿದ್ದ ಅಮ್ಮನ ಪಟದ ಕಡೆ ತಿರುಗಿ, "ಹುಡುಗನಿಗೆ ಹೇಳು, ನಾಳೆಯಿಂದ ಮಂಡಿಗೆ ಬರ್ಲಿ" ಅಂದರು. ನಾನೂ ಪಟವನ್ನೇ ನೋಡುತ್ತ, "ಬರ್ತೀನಿ ಅಂತ ಹೇಳಮ್ಮ" ಅಂದೆ. ಎರಡು ವರ್ಷ ಹೀಗೇ ನಡೆಯಿತು. ನಗಬೇಡಿ. ಸಾರಿಗೆ ಉಪ್ಪು ಕಡಿಮೆ ಎನ್ನುವುದನ್ನೂ ಪಟಕ್ಕೇ ಹೇಳುತ್ತಿದ್ದೆವು.

ಅಮ್ಮ ಆಸ್ಪತ್ರೆಯಲ್ಲಿದ್ದಾಗ ಪಿಳ್ಳಮ್ಮ ಎಂಬ ಕ್ರೈಸ್ತ ಆಯಾ ಅವಳ ಕೈ ಹಿಡಿದು, ಕಣ್ಣು ಮುಚ್ಚಿ, ದೇವರನ್ನು ಅಪ್ಪಾ ಎಂದು ಕರೆದು ಮಾತಾಡುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಇರುವವರನ್ನು ಕರೆದಹಾಗೆ. ಆ ಕರೆ ನನ್ನ ಕಿವಿಯಿಂದ ಹೋಗಲಿಲ್ಲ. ಅಮ್ಮ ಹೋದ ಮೇಲೆ ಪಿಳ್ಳಮ್ಮನನ್ನು ಹುಡುಕಿಕೊಂಡು ಅವರ ಪುಟ್ಟ ಪ್ರಾರ್ಥನಾಮಂದಿರಕ್ಕೆ ಹೋಗತೊಡಗಿದೆ. ಒಳಗೆ ಹೋಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಮನೆಯಲ್ಲಿ ಒಬ್ಬನೇ ಅನ್ನಿಸುತ್ತದೆ, ನೀವು ದೇವರಿಗೆ ಹೇಳಿ ಎಂದು ಪಿಳ್ಳಮ್ಮನನ್ನು ಕೇಳುತ್ತಿದ್ದೆ. ಕೆಲವು ತಿಂಗಳು ಅವಳೂ ಹೇಳಿದಳು. ಒಂದು ಭಾನುವಾರ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಿಮ್ಮಮ್ಮನ ಕೆಲಸ ನಂಗೆ ಹಚ್ಚಿದೀಯಾ, ಪಂಚಾಕ್ಷರಿ? ಯೇಸುಸ್ವಾಮಿ ಬಾಗ್ಲು ತೆಗ್ದಿಟ್ಟವ್ರೆ. ಹೋಗಿ ನೀನೇ ಹೇಳು."

"ಭಯ ಆಗುತ್ತೆ."

"ಆಗ್ಲಿ. ಆತ ಪರಿಶುದ್ಧ, ಭಯ ಆಗ್ಬೇಕು. ಭಯ ಇಟ್ಕೊಂಡೇ ಹತ್ರ ಹೋಗು. ದೂರ ನಿಂತ್ಕೊ ಅಂತ ಆತ ಯಾವತ್ತೂ ಹೇಳಿಲ್ಲ."

ಹೋದೆ. ಮೊಣಕಾಲೂರಿ ಕೂತೆ. ಕೊನೆಗೆ, ತಂದೆಯೇ, ನಾನು ಚಾಮರಾಜಪೇಟೆ ಮಲ್ಲಿಕಾರ್ಜುನಯ್ಯನವರ ಮಗ ಪಂಚಾಕ್ಷರಿ ಅಂದೆ. ಆಮೇಲೆ ಅಳು ಬಂತು. ಯಾರೂ ಗಂಟಲು ಸರಿಮಾಡಿಕೊಳ್ಳಲಿಲ್ಲ. ಆದರೂ ಕೇಳುತ್ತಿದ್ದಾರೆ ಎಂದು ಗೊತ್ತಾಯಿತು. ಹೇಗೆ ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಮುಂದಿನ ವರ್ಷ ನನ್ನ ದೀಕ್ಷಾಸ್ನಾನಕ್ಕೆ ಒಂದು ಭಾನುವಾರ ನಿಗದಿಯಾಯಿತು. ಇದೊಂದನ್ನು ಪಟಕ್ಕೆ ಹೇಳಬಾರದು, ತಂದೆಯ ಮುಖ ನೋಡಿಯೇ ಹೇಳಬೇಕು ಎಂದು ಗಟ್ಟಿ ಮಾಡಿಕೊಂಡೆ. ಶನಿವಾರ ಸಂಜೆ ಅವರು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದರು. ಅವರಿಗೂ ಅವರ ದೇವರಿಗೂ ನಡುವೆ ಯಾರೂ ಇರಲಿಲ್ಲ. ಅದನ್ನು ಅವತ್ತೇ ಮೊದಲು ಗಮನಿಸಿದ್ದು. ಪೂಜೆ ಮುಗಿಯುವವರೆಗೆ ಕಾದು ಎದುರಿಗೆ ಹೋಗಿ, "ಅಪ್ಪಾಜಿ" ಅಂದೆ. ಎಲ್ಲವನ್ನೂ ಹೇಳಿದೆ.

ಅವರು ನಿಧಾನವಾಗಿ ಪಟದ ಕಡೆ ತಿರುಗಿದರು. "ಕೊರಳಲ್ಲಿರೋದನ್ನ ಏನ್ಮಾಡ್ತಾನಂತೆ, ಕೇಳು."

"ನಿಮ್ಮ ಕೈಗೇ ಕೊಡ್ತೀನಿ, ಅಪ್ಪಾಜಿ. ನನ್ನನ್ನೇ ಕೇಳಿ."

ಅವರ ತುಟಿ ಅಲುಗಿತು. ಎದ್ದು ಹೋಗಿ ಪಟವನ್ನು ಮೊಳೆಯಿಂದ ಬಿಡಿಸಿ ಎದೆಗೆ ಅವುಚಿಕೊಂಡು ಕೋಣೆಗೆ ಹೋದರು. ಕದ ಮುಚ್ಚಿತು. ಅಗುಳಿ ಹಾಕಿದ ಸದ್ದು ಬರಲಿಲ್ಲ.

ಖಾಲಿ ಮೊಳೆ ನೋಡುತ್ತ ಕದದ ಹೊರಗೆ ನಿಂತಿದ್ದೆ. ತುಂಬ ಹೊತ್ತಾದ ಮೇಲೆ ಒಳಗೆ ಅವರು ಗಂಟಲು ಸರಿಮಾಡಿಕೊಂಡರು. ಒಂದೇ ಸಲ.

ಕದದ ಮೇಲೆ ಕೈಯಿಟ್ಟೆ. ಅಮ್ಮನಿಗೆ ಕೊಟ್ಟ ಅಪ್ಪಣೆಯೋ, ನನಗೋ? ಕೈ ತೆಗೆದುಬಿಟ್ಟೆ. ಬೆಳಗ್ಗೆ ನನ್ನ ಕೊರಳಿನ ಲಿಂಗವನ್ನು ಅವರ ಪೂಜೆಯ ಮಣೆಯ ಮೇಲಿಟ್ಟು ಹೊರಟೆ. ಕೈಗೆ ಕೊಡುತ್ತೇನೆ ಅಂದವನು ಕೈಗೆ ಕೊಡಲಿಲ್ಲ.

ಈಗ ಶೇಷಾದ್ರಿಪುರದಲ್ಲಿ ಒಂದು ರೂಮು ಮಾಡಿಕೊಂಡಿದ್ದೇನೆ. ದಿನಾ ಮೊಣಕಾಲೂರುತ್ತೇನೆ, ತಂದೆಯೇ ಎನ್ನುತ್ತೇನೆ, ಯಾವ ತಡೆಯೂ ಇಲ್ಲ. ಆ ಶನಿವಾರದ ವಿಷಯವನ್ನೂ ಆತನಿಗೆ ಹೇಳುತ್ತೇನೆ. ಆತ ಬೈಯುವುದಿಲ್ಲ, ಮರೆಯಲೂ ಬಿಡುವುದಿಲ್ಲ. ಚಾಮರಾಜಪೇಟೆಯ ಮನೆಯಲ್ಲಿ ತಂದೆ ಈಗ ಯಾರ ಕಡೆ ತಿರುಗಿ ಮಾತಾಡುತ್ತಾರೋ ಗೊತ್ತಿಲ್ಲ.

ಅಗುಳಿ ಹಾಕಿರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡಿದ್ದರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?