ಗದಿಗೆಮ್ಮನ ಫೋನಿನ ಓಣಿ

ಗದಿಗೆಮ್ಮನಿಗೆ ಓದಲು ಬರುವುದಿಲ್ಲ. ಆದರೆ ತನ್ನ ಫೋನಿನಲ್ಲಿ ಯಾರ ಮನೆ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಮನೆ ಎಂದರೆ ಒಂದೊಂದು ಚೌಕ. ಅದು ಹಳೆಯ ವಿಂಡೋಸ್ ಫೋನು. ಗಂಡ ಹುಸೇನಪ್ಪ ಮಾದಾಪುರದ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಅಲ್ಲಿ ಬಾಡಿಗೆಯ ಮನೆ ಬಿಟ್ಟು ಹೊರಟ ಯಾರೋ ಇಂಜಿನಿಯರು ಅದನ್ನು ಅವನ ಕೈಗೆ ಕೊಟ್ಟು ಹೋಗಿದ್ದರು. ತೆರೆಯ ತುಂಬ ಊಟದ ತಟ್ಟೆಯಲ್ಲಿ ಭಕ್ರಿ ತುಂಬಿದ ಹಾಗೆ ದೊಡ್ಡ ದೊಡ್ಡ ಚೌಕಗಳು. ಒಂದೊಂದು ಚೌಕದಲ್ಲಿ ಒಬ್ಬೊಬ್ಬರ ಮುಖ. ಮುಖ ಮುಟ್ಟಿದರೆ ಆಯಿತು, ಅವರ ಜೊತೆ ಮಾತು.

ಆ ಮುಖಗಳನ್ನು ಹಿಡಿದು ಕೂರಿಸಿದವಳು ಮಗಳು ಸುವರ್ಣಾ. ಎಲ್ಲಿ ಕೂರಿಸಬೇಕು ಎಂದು ಹೇಳಿದವಳು ಗದಿಗೆಮ್ಮ. ಲಿಂಗಂಪಲ್ಲಿಯಲ್ಲಿ ಅವರು ಇರುವ ಸಾಲುಖೋಲಿಗಳು ಹೇಗಿವೆಯೋ ಹಾಗೆಯೇ ಫೋನಿನಲ್ಲೂ ಸಾಲು. ಮೂಲೆಯ ಖೋಲಿಯ ದುರುಗಮ್ಮ ಮೂಲೆಗೆ, ನಳದ ಪಕ್ಕದ ಶರಣಬಸಮ್ಮ ನಡುವಿಗೆ, ಬೇವಿನ ಗಿಡದ ಕಡೆಯವರು ಕೆಳಗೆ. ಕೂರಿಸಿದವರು ಕೂತಲ್ಲೇ ಇರುತ್ತಿದ್ದರು. ಗದಿಗೆಮ್ಮ ಬೆರಳಿನಿಂದಲೇ ಓಣಿ ಸುತ್ತಿ ಬರುತ್ತಿದ್ದಳು.

ಸುತ್ತುವ ಕೆಲಸ ದಿನವೂ ಇತ್ತು. ಕಟ್ಟಡದ ಗುತ್ತಿಗೆ ಹಿಡಿಯುವ ವಿಜಯಕುಮಾರ ಸಂಜೆಯ ಹೊತ್ತಿಗೆ ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತಿದ್ದ: ನಾಳೆ ಇಂಥ ಕಡೆ ಇಷ್ಟು ಹೆಣ್ಣಾಳು ಬೇಕು. ಯಾರಿಗೆ ಮಗುವಿನ ಜ್ವರ, ಯಾರಿಗೆ ಸೊಂಟನೋವು, ಯಾರನ್ನು ಯಾರ ಜೊತೆ ಕಳಿಸಿದರೆ ಜಗಳ ಎಂದೆಲ್ಲ ಲೆಕ್ಕ ಹಾಕಿ, ಮಾದಾಪುರಕ್ಕೆ ಇವರು, ಇಲ್ಲಿಗೆ ಅವರು ಎಂದು ಹಂಚಿ, ಒಬ್ಬೊಬ್ಬರಿಗೂ ಧ್ವನಿ ಕಳಿಸುವವಳು ಗದಿಗೆಮ್ಮ. ಬಾಗಿಲು ಬಾಗಿಲಿಗೆ ಹೋದರೆ ಆ ಹೊತ್ತಿಗೆ ಅರ್ಧ ಜನ ಪೇಟೆಯಲ್ಲೋ ಯಾರದೋ ಮನೆಯ ಪಾತ್ರೆ ಕೆಲಸದಲ್ಲೋ ಇರುತ್ತಿದ್ದರು. ಊರು ಬಿಟ್ಟು ಈ ಪರರಾಜ್ಯದ ಪಟ್ಟಣಕ್ಕೆ ಬಂದಾಗ ಬುಟ್ಟಿ ಹೊರುತ್ತಿದ್ದಳು, ಈಗಲೂ ಹೊರುತ್ತಾಳೆ. ಆದರೆ ಹೆಂಗಸರ ಗುಂಪಿಗೆಲ್ಲ ಅವಳೇ ಮೇಸ್ತ್ರಿ. ‘ಅಕ್ಕ ಹೇಳ್ಯಾಳ’ ಎಂದರೆ ಮುಗಿಯಿತು.

ಎರಡು ಸಾವಿರದ ಹತ್ತೊಂಬತ್ತರ ಕೊನೆಗೆ ಸುದ್ದಿ ಬಂತು. ಹೊಸ ವರ್ಷದಿಂದ ಈ ಫೋನಿನಲ್ಲಿ ವಾಟ್ಸಾಪ್ ನಡೆಯುವುದಿಲ್ಲ. ಸುವರ್ಣಾ ತಾಯಿಯನ್ನು ಸ್ಟೇಷನ್ ಹತ್ತಿರದ ಆನಂದಕುಮಾರನ ಮೊಬೈಲ್ ಅಂಗಡಿಗೆ ಕರೆದುಕೊಂಡು ಹೋದಳು. ಬೀದರ ಕಡೆಯ ಹುಡುಗ, ಗಿರಾಕಿ ಕನ್ನಡದವರಾದರೆ ಸ್ಟೂಲು ಎಳೆದು ಹಾಕಿ ಮಾತಿಗೆ ಕೂರುವವನು.

“ನನ್ನ ಫೋನು ಕೆಟ್ಟಿಲ್ಲಲ್ಲಪ್ಪಾ” ಎಂದಳು ಗದಿಗೆಮ್ಮ.

“ಫೋನ್ ಛಲೋನ ಐತ್ರಿ ಅಕ್ಕಾರ. ಅದರ ಕೂಡ ಮಾತಾಡೋರ ಇಲ್ದಂಗಾಗೇತಿ.”

ಆಮೇಲೆ ಅವನು ವಿವರಿಸಿದ. ಫೋನಿನ ಒಳಗೆ ಕಾರಭಾರ ನಡೆಸುವುದು ಒಂದಿರುತ್ತದೆ. ಮೊದಲು ಅಂಥವು ಆರೇಳು ಇದ್ದವು. ನೋಕಿಯಾದ್ದೊಂದು, ಬ್ಲ್ಯಾಕ್‌ಬೆರಿಯದೊಂದು, ಈ ವಿಂಡೋಸ್ ಒಂದು. ನಾನು ತಾನು ಎಂದು ಗುದ್ದಾಡಿದವು. ಮಂದಿ ಒಂದು ಕಡೆ ವಾಲಿದ ಮೇಲೆ ವಾಟ್ಸಾಪಿನಂಥವರೂ ಆ ಕಡೆಯೇ ನಡೆದರು. ನಾಲ್ಕೇ ಜನ ಉಣ್ಣಲು ಬರುವ ಕಡೆ ಯಾರು ಅಡುಗೆ ಮಾಡುತ್ತಾರೆ? ವಾಟ್ಸಾಪಿನಂಥವರು ಹೊರಟರು ಎಂದು ಉಳಿದ ಮಂದಿಯೂ ಎದ್ದರು. ಒಂದೊಂದೇ ಬಾಗಿಲು ಹಾಕಿ, ಈಗ ಉಳಿದದ್ದು ಎರಡೇ. ಐಫೋನಿನವರ ಪಂಕ್ತಿ ಬೇರೆ. ಮಿಕ್ಕವರೆಲ್ಲರಿಗೂ ಆಂಡ್ರಾಯ್ಡ್.

“ಅಂದ್ರ ಊರಿಗೆಲ್ಲಾ ಒಂದ ಖಾನಾವಳಿ” ಎಂದಳು ಗದಿಗೆಮ್ಮ.

“ಹೌದ್ರಿ. ಬಡಿಸಿದ್ದ ಉಣ್ಣಬೇಕು.”

ಹೊಸ ಫೋನು ಬಂತು. ಹೆಸರು, ನಂಬರು ಎಲ್ಲ ಇದಕ್ಕೆ ಬಂದವು, ಕೂರಿಸಿದ ಮುಖಗಳು ಮಾತ್ರ ಹಳೆಯದರಲ್ಲೇ ಉಳಿದವು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಈ ವಾಟ್ಸಾಪಿನ ಸಾಲಿನಲ್ಲಿ ಯಾರೂ ಕೂತಲ್ಲಿ ಕೂರುವುದಿಲ್ಲ. ಯಾರು ಈಗ ಮಾತಾಡಿದರೋ ಅವರು ಎಲ್ಲರ ತಲೆಯ ಮೇಲೆ ಹತ್ತುತ್ತಾರೆ. ಬೆಳಿಗ್ಗೆ ಮೇಲಿದ್ದವರು ಸಂಜೆಗೆ ತಳ ಸೇರಿರುತ್ತಾರೆ.

“ಇದರಾಗ ಮನಿಗಳು ತಿರಗಾಡಾಕತ್ತಾವಲ್ಲಬೇ” ಎಂದು ಗದಿಗೆಮ್ಮ ಮಗಳಿಗೆ ದೂರಿದಳು. ಸುವರ್ಣಾ ಹುಡುಕಿ ನೋಡಿ, ಮೂರು ಜನರನ್ನು ಮಾತ್ರ ಅಲ್ಲಾಡದ ಹಾಗೆ ಮೇಲೆ ಸಿಕ್ಕಿಸಬಹುದು ಎಂದು ವಿಜಯಕುಮಾರ, ಹುಸೇನಪ್ಪ, ತಾನು, ಮೂವರನ್ನೂ ಸಿಕ್ಕಿಸಿದಳು. ಮಿಕ್ಕವರೆಲ್ಲ ತಿರುಗಾಡುತ್ತಲೇ ಇದ್ದರು.

ತಿರುಗಾಡಿದರೂ ಮುಖ ನೋಡಿ ಹಿಡಿಯಬಹುದಿತ್ತು. ಅದಕ್ಕೂ ಕಲ್ಲು ಬಿದ್ದಿತ್ತು. ಹೋದ ಹುಣ್ಣಿಮೆಗೆ ಯಾರೋ ಹುಲಿಗೆಮ್ಮದೇವಿಯ ಚಂದದ ಪಟ ಕಳಿಸಿದ್ದರು. ಕೊಪ್ಪಳ, ರಾಯಚೂರು ಸೀಮೆಯ ಹೆಂಗಸರು, ಹುಲಿಗಿಯ ತಾಯಿ ಎಂದರೆ ಕೈ ಮುಗಿಯದವರು ಯಾರು? ಒಬ್ಬಳ ಮಗ ತಾಯಿಯ ವಾಟ್ಸಾಪಿಗೆ ಅದನ್ನೇ ಫೋಟೋ ಮಾಡಿ ಇಟ್ಟ. ನನಗೂ ಇಡು, ನನಗೂ ಇಡು ಎಂದು ಸಾಲುಖೋಲಿಯ ಎಲ್ಲರೂ ಇಡಿಸಿಕೊಂಡರು. ಗದಿಗೆಮ್ಮ ಫೋನು ತೆರೆದರೆ ಮೇಲಿನಿಂದ ಕೆಳಗಿನವರೆಗೆ ಹುಲಿಗೆಮ್ಮ. ಅದೇ ಅರಿಶಿನದ ಮುಖ, ಅದೇ ಬೆಳ್ಳಿಯ ಕಣ್ಣು. ಕೈ ಮುಗಿಯಲು ಏನೂ ಅಡ್ಡಿಯಿಲ್ಲ. ನಾಳೆ ಮಾದಾಪುರಕ್ಕೆ ಬಾ ಎಂದು ಯಾರಿಗೆ ಹೇಳುವುದು?

ಸುವರ್ಣಾ ಹಿಮಾಯತ್‌ನಗರದ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಂದ ಲಿಂಗಂಪಲ್ಲಿ ಮುಟ್ಟುವಷ್ಟರಲ್ಲಿ ಓಣಿಯ ಅರ್ಧ ದೀಪಗಳು ಆರಿರುತ್ತವೆ. ಅವಳು ಬಂದು ಹೆಸರು ಓದಿ ತೋರಿಸುವವರೆಗೆ ಕಾಯ್ದರೆ, ಕೆಲವರು ಬೇರೆ ಮೇಸ್ತ್ರಿಗೆ ಹೂಂ ಅಂದಿರುತ್ತಿದ್ದರು. ಸೊಂಟ ಗಟ್ಟಿಯಿದ್ದೂ ಇನ್ನೊಬ್ಬರ ಕೈ ಹಿಡಿದು ನಡೆದ ಹಾಗಾಯಿತು ಗದಿಗೆಮ್ಮನಿಗೆ. ಒಂದು ಸಂಜೆ, ಆದದ್ದಾಗಲಿ ಎಂದು ತಾನೇ ಅಂದಾಜಿನ ಮೇಲೆ ಹುಲಿಗೆಮ್ಮಂದಿರನ್ನು ಮುಟ್ಟುತ್ತ ಹೋದಳು. ಕೊನೆಯ ಹುಲಿಗೆಮ್ಮ ದುರುಗಮ್ಮನೇ ಇರಬೇಕು ಎಂದುಕೊಂಡು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. ನಾಳೆ ಬುಟ್ಟಿ, ಸಿಂಬಿ ತಗೊಂಡು ಹೊತ್ತಿಗೆ ಸರಿಯಾಗಿ ಬಾ, ಮೊನ್ನಿಯಂಗ ತಡಾ ಮಾಡಿದ್ರ ಹಾಜರಿ ಹಾಕಂಗಿಲ್ಲ.

ಆ ಹುಲಿಗೆಮ್ಮ ಗಂಗಾವತಿಯ ಗುಂಡಮ್ಮ; ಅದೇ ಪಟ ಅಲ್ಲಿಗೂ ಹೋಗಿ ಮುಟ್ಟಿತ್ತು. ಸುವರ್ಣಾಳನ್ನು ತನ್ನ ಮಗ ಹುಲಗೇಶನಿಗೆ ಕೇಳಿ, ಹದಿನೈದು ದಿನದ ಹಿಂದಷ್ಟೇ ಒಪ್ಪಿಗೆಯಾಗಿದ್ದ ಬೀಗತಿ.

ಮರುದಿನ ಎರಡು ಅನಾಹುತ ಬೆಳಕಿಗೆ ಬಂದವು. ಮೊದಲನೆಯದು ಮಾದಾಪುರದಲ್ಲಿ. ಅಲ್ಲಿಗೆ ಆಳು ಕಡಿಮೆಯಾಗಿ, ಇಲ್ಲಿ ಹೆಚ್ಚಾಗಿ, ವಿಜಯಕುಮಾರ ಸಿಟ್ಟಾಗಿದ್ದ. ಅವನು ಕೂಗಾಡುವವನಲ್ಲ. ಶರಣಬಸಮ್ಮನ ಮಗ ಓದಿದವನಿದ್ದಾನೆ, ಸಂಜೆ ಮನೆಯಲ್ಲೇ ಇರುತ್ತಾನೆ, ಇನ್ನೊಮ್ಮೆ ಹೀಗಾದರೆ ಹೇಳಿಕಳಿಸುವ ಕೆಲಸ ಅವಳೇ ನೋಡಿಕೊಳ್ಳಲಿ ಎಂದ. ಅಲ್ಲೇ ಇದ್ದ ಶರಣಬಸಮ್ಮ ಬ್ಯಾಡ ಅನ್ನಲಿಲ್ಲ. ಸೆರಗು ಸರಿಮಾಡಿಕೊಂಡಳು.

ಎರಡನೆಯದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಫೋನಿನಲ್ಲಿ ಕೇಳಿಸಿತು. ಗುಂಡಮ್ಮನ ಧ್ವನಿ, ಹಿಂದೆ ಯಾರೋ ನಗುತ್ತಿರುವ ಸದ್ದು: “ಬೀಗತೆವ್ವಾ, ಬರ್ತೀನಿ ತಗೋ. ಬುತ್ತಿ ನಾನ ಕಟಿಗೊಂಡು ಬರಬೇಕೋ, ನೀವ ಕೊಡತೀರೋ, ಅದೊಂದು ಹೇಳು.”

ಗದಿಗೆಮ್ಮ ಮುರಿದ ಭಕ್ರಿಯನ್ನು ಬುತ್ತಿಗೆ ಹಾಕಿ ಎದ್ದಳು. ಮಗಳ ಮದುವೆ ಬುಟ್ಟಿಯಲ್ಲೇ ಹೋಯಿತು ಎಂದುಕೊಂಡು ಫೋನು ಮಾಡಿ, ಎಲ್ಲವನ್ನೂ ಬಿಡಿಸಿ ಹೇಳಿದಳು: ಹಳೆಯ ಚೌಕ, ತಿರುಗಾಡುವ ಮನೆ, ಸಾಲು ಹುಲಿಗೆಮ್ಮ. ಗುಂಡಮ್ಮ ನಕ್ಕು ನಕ್ಕು ಕೆಮ್ಮಿದಳು. ಸಂಜೆ ಗದಿಗೆಮ್ಮ ಫೋನು ತೆರೆದಾಗ ಸಾಲಿನಲ್ಲಿ ಒಬ್ಬ ಹುಲಿಗೆಮ್ಮ ಕಡಿಮೆಯಾಗಿದ್ದಳು. ಆ ಜಾಗದಲ್ಲಿ ಬೀಗತಿ, ತನ್ನ ಅಂಗಳದಲ್ಲಿ ಜರಿಯಂಚಿನ ಇಳಕಲ್ ಸೀರೆಯುಟ್ಟು, ತಲೆಯ ಮೇಲೆ ಬುಟ್ಟಿ ಹೊತ್ತು ನಿಂತಿದ್ದಳು.

ಗದಿಗೆಮ್ಮ ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. ಇಲ್ಲಿಯವರೆಗೆ ಅವಳ ತಿಳುವಳಿಕೆಯೇನೆಂದರೆ, ಮುಖ ಕೂರಿಸುವ ಕೆಲಸ ತನ್ನದು, ತನ್ನ ಮಗಳದು. ಈ ಫೋನಿನಲ್ಲಿ ಹಾಗಲ್ಲ. ಅವರವರ ಬಾಗಿಲಿಗೆ ಅವರವರೇ ಪಟ ಹಾಕಬೇಕು. ಅಂದ ಮೇಲೆ ಹೋಗಿ ಅವರನ್ನೇ ಕೇಳಬೇಕು, ಅಷ್ಟೇ.

ಭಾನುವಾರ ನಳದ ಹತ್ತಿರ ಎಲ್ಲರೂ ಅರಿವೆ ತೊಳೆಯಲು ಕೂತಾಗ, ಒಬ್ಬೊಬ್ಬರೂ ಬೇರೆ ಬೇರೆ ಪಟ ಇಡಬೇಕೆಂದು ಮಾತು ತೆಗೆದಳು. ತಾಯಿಯ ಪಟ ತೆಗೆಯುವುದೆಂದರೆ ಯಾರಿಗೂ ಕೈ ಬರಲಿಲ್ಲ. ಹುಣ್ಣಿಮೆಗೆ ಕೂರಿಸಿದವಳನ್ನು ಅಮಾಸಿಗೆ ಎಬ್ಬಿಸುವುದೇ ಎಂದು ದುರುಗಮ್ಮ ಕೆನ್ನೆ ಬಡಿದುಕೊಂಡಳು.

“ತಾಯಿನ್ನ ಹೊರಗ ಯಾರು ಹಾಕಂತಾರ?” ಎಂದಳು ಗದಿಗೆಮ್ಮ. “ಆಕಿನ್ನ ಕಟ್ಟಿ ಮ್ಯಾಗಿಂದ ಒಳಗ ದೇವರ ಖೋಲಿಗೆ ಕರಕೊಳ್ರಿ. ಫೋನ್ ಬಿಚ್ಚಿದ ಕೂಡಲೆ ತೆರಿ ತುಂಬಾ ಆಕೀನ ಇರಲಿ. ಹೊರಗ ಬಾಗಲಕ್ಕ ನಿಮ್ಮ ನಿಮ್ಮ ಮನಿದೇವರನ್ನ ಕುಂದರಸ್ರಿ. ನಿಮ್ಮ ಮನಿದೇವರಂತೂ ನನಗ ಗೊತ್ತೈತಿ.”

ಇದು ಹಿಡಿಸಿತು. ಉಗುರಿನಷ್ಟು ಪಟದಲ್ಲಿದ್ದ ತಾಯಿ ತೆರೆಯಷ್ಟು ದೊಡ್ಡವಳಾಗುತ್ತಾಳೆ, ಮನೆದೇವರಿಗೂ ಜಾಗ ಸಿಗುತ್ತದೆ. ಅರಿವೆ ಒಣಗುವುದರೊಳಗೆ ಓದುವ ಮಕ್ಕಳನ್ನು ಹಿಡಿದು ತಂದು ಕೆಲಸ ಮುಗಿಸಿದರು. ದುರುಗಮ್ಮನಿಗೆ ಕುದುರೆ ಏರಿದ ಮೈಲಾರಲಿಂಗ ಬಂದ. ಒಬ್ಬಳಿಗೆ ಸವದತ್ತಿಯ ಎಲ್ಲಮ್ಮ, ಇನ್ನೊಬ್ಬಳಿಗೆ ಗವಿಸಿದ್ಧಪ್ಪ, ಮತ್ತೊಬ್ಬಳಿಗೆ ತಿಂಥಣಿ ಮೋನಪ್ಪ. ಫೋನುಗಳೆಲ್ಲ ಒಂದೇ ಕುಲಕ್ಕೆ ಸೇರಿದ್ದವು, ದೇವರುಗಳು ಮಾತ್ರ ಬೇರೆ ಬೇರೆ ಮನೆ ಮಾಡಿದರು.

ಶರಣಬಸಮ್ಮ ಒಬ್ಬಳು ಒಪ್ಪಲಿಲ್ಲ. ಯಾರು ಏನಾದರೂ ಮಾಡಿಕೊಳ್ಳಲಿ, ತಾನು ತಾಯಿಯನ್ನು ಅಲುಗಿಸುವವಳಲ್ಲ ಎಂದು ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಅವಳಿಗೆ ಮೇಸ್ತ್ರಿಕೆಯ ಆಸೆ ಇನ್ನೂ ಇದೆ ಎಂದು ಎಲ್ಲರಿಗೂ ಗೊತ್ತಾಯಿತು. ಹೆಂಗಸರು ಗದಿಗೆಮ್ಮನ ಮುಖ ನೋಡಿದರು. ಅವಳು ಸೀರೆ ಹಿಂಡುತ್ತ ಕೂತಿದ್ದಳು.

ಸೋಮವಾರ ಸಂಜೆ ವಿಜಯಕುಮಾರನ ಧ್ವನಿ ಬಂತು. ಮರುದಿನ ಮಾದಾಪುರದಲ್ಲಿ ಸ್ಲ್ಯಾಬ್ ಹಾಕುವುದಿದೆ, ಗಟ್ಟಿ ಹೆಂಗಸರು ಬೇಕು, ಒಬ್ಬರೂ ತಪ್ಪಬಾರದು. ಉಳಿದವರು ಇಲ್ಲಿಯ ಗಿಲಾವಿಗೆ, ಗೋಡೆಗೆ ಗಾರೆ ಬಳಿಯುವ ಕೆಲಸಕ್ಕೆ. ಸುವರ್ಣಾ ಇನ್ನೂ ಬಂದಿರಲಿಲ್ಲ. ಗದಿಗೆಮ್ಮ ಒಲೆಯ ಮುಂದೆ ಫೋನು ಹಿಡಿದು ಕೂತಳು. ರಾತ್ರಿಪಾಳಿಗೆ ಹೊರಡಲಿದ್ದ ಹುಸೇನಪ್ಪ ಹೆಂಡತಿಯ ಭುಜದ ಮೇಲಿಂದ ಇಣುಕಿದ.

ಮೈಲಾರಲಿಂಗ ತಳದಲ್ಲಿದ್ದ. ಇದ್ದರೇನು, ಕುದುರೆ ಕಾಣುತ್ತಿತ್ತು. ಎಲ್ಲಮ್ಮ ನಡುವಿನಿಂದ ಮೇಲಕ್ಕೆ ಹತ್ತಿದಳು, ಅಲ್ಲಿಯೂ ಗುರುತು ಸಿಕ್ಕಿತು. ಗದಿಗೆಮ್ಮ ಒಬ್ಬೊಬ್ಬರಿಗೂ ಅವರವರಿಗೆ ತಕ್ಕ ಧ್ವನಿಯಲ್ಲಿ ಹೇಳಿದಳು. ಒಬ್ಬೊಬ್ಬರ ಹೂಂ ಕೂಡ ಬರುತ್ತ ಹೋಯಿತು.

“ಎಲ್ಲಮ್ಮ ಸ್ಲ್ಯಾಬಿಗೆ, ಮೋನಪ್ಪ ಗಿಲಾವಿಗೆ” ಎಂದು ಹುಸೇನಪ್ಪ ಚೇಷ್ಟೆ ಮಾಡಿದ. “ದೇವರಿಗೂ ಕೆಲಸ ಹಚ್ಚೀದಿ. ಶರಣಬಸಮ್ಮಗ ಹೆಂಗ ಹೇಳತಿ?”

ಗದಿಗೆಮ್ಮ ಬೆರಳು ಆಡಿಸಿದಳು. ಅಷ್ಟೂ ದೇವರ ನಡುವೆ ಒಂದೇ ಒಂದು ಅರಿಶಿನದ ಮುಖ, ಒಂದೇ ಜೋಡಿ ಬೆಳ್ಳಿಯ ಕಣ್ಣು. ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ. “ಶರಣಬಸಮ್ಮಾ, ನಾಳೆ ಸ್ಲ್ಯಾಬ್ ಐತಿ. ನೀ ಇಲ್ದಿದ್ರ ಆಗಂಗಿಲ್ಲ, ಬಾರವ್ವಾ” ಎಂದಳು.

ಸುವರ್ಣಾ ಬಂದವಳೇ ಚಪ್ಪಲಿ ಬಿಟ್ಟು ಅಭ್ಯಾಸದಂತೆ ಫೋನಿಗೆ ಕೈ ಚಾಚಿದಳು. ತಾಯಿ ಆ ಕೈಗೆ ತಟ್ಟೆ ಕೊಟ್ಟಳು.

ಮುಂಜಾನೆ ಕೂಲಿಯವರು ಸೇರುವ ಅಡ್ಡಾದ ಹತ್ತಿರ ಎರಡು ಟೆಂಪೊ ನಿಂತಿದ್ದವು. ಯಾರೂ ತಪ್ಪು ಗಾಡಿ ಹತ್ತಲಿಲ್ಲ. ಎಲ್ಲರಿಗಿಂತ ಕೊನೆಗೆ ಬಂದ ಶರಣಬಸಮ್ಮ, ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಗದಿಗೆಮ್ಮನ ಮುಂದೆ ನಿಂತು, ಫೋಟೋ ಬದಲಿಸದ ತನ್ನನ್ನು ಹೇಗೆ ಗುರುತು ಹಿಡಿದೆ ಎಂದು ಕೇಳಿದಳು. ಮಗಳು ಹೇಳಿಕೊಟ್ಟಳೇನು ಎಂದೂ ಸೇರಿಸಿದಳು.

“ಮಗಳು ಯಾಕ ಬೇಕು?” ಎಂದಳು ಗದಿಗೆಮ್ಮ. “ಉಳದವರೆಲ್ಲಾ ಬ್ಯಾರೆ ಬ್ಯಾರೆ ಆದ್ರು. ಇಡೀ ಫೋನಿನಾಗ ತಾಯಿ ಅಂತ ಉಳದಾಕಿ ನೀ ಒಬ್ಬಾಕಿನ.”

ಶರಣಬಸಮ್ಮ ಬುಟ್ಟಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. ಆ ಮಾತು ಅವಳಿಗೆ ನಿಧಾನವಾಗಿ ಇಳಿಯುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಹಣೆಯ ಕುಂಕುಮ ಒಮ್ಮೆ ಮುಟ್ಟಿ ನೋಡಿಕೊಂಡು, ಸೀದಾ ಹೋಗಿ ಡ್ರೈವರನ ಪಕ್ಕದ ಸೀಟಿನಲ್ಲಿ ಕೂತುಬಿಟ್ಟಳು. ಅದು ಯಾವಾಗಲೂ ಗದಿಗೆಮ್ಮ ಕೂರುವ ಜಾಗ.

ಗದಿಗೆಮ್ಮ ನಕ್ಕು, ಹಿಂದೆ ಹತ್ತಿ, ಹೆಂಗಸರ ನಡುವೆ ಜಾಗ ಮಾಡಿಸಿಕೊಂಡು ಕೂತಳು. ಫೋನನ್ನು ಕುಪ್ಪಸದೊಳಗೆ ಸೇರಿಸಿ ಟೆಂಪೊದ ತಗಡು ಎರಡು ಸಲ ಬಡಿದಳು. ಗಾಡಿ ಹೊರಟಿತು.